ಸವತಿ ತೋರಿಸಿದ ನೀರು

ಸೆಪಿಸೊ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಗಂಡ ಲುತಂಗು ಮನೆ ಬಿಟ್ಟು ಹೋದ ಮೇಲಂತೂ ಅವಳು ಒಂದು ಕಡೆ ಕೂತದ್ದನ್ನು ಕಂಡವರಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು. ಒಲೆಯ ಮೇಲಿನ ಪಾತ್ರೆ ಕುದಿಯುವ ಮೊದಲೇ ಮುಚ್ಚಳ ತೆಗೆದು ನೋಡುವಳು. ನಡುನಡುವೆ ದಡಕ್ಕೆ ಓಡಿ ಝಾಂಬೆಜಿ ಹೊಳೆಯ ಆಚೆ ದಡವನ್ನು ದಿಟ್ಟಿಸಿ ಬರುವಳು. ಲುತಂಗು ಬಲೆಗಳನ್ನೆಲ್ಲ ಮೋಟಾರು ದೋಣಿಗೆ ತುಂಬಿಕೊಂಡು ಆಚೆ ದಡದ ಕಟೀಮಾ ಪಟ್ಟಣದ ಕಡೆ ಹೋಗಿ ಮೂರು ತಿಂಗಳಾಗಿತ್ತು. ನಾಲ್ಕು ದಿನದಲ್ಲಿ ಬರುತ್ತೇನೆ ಅಂದಿದ್ದ.

ಅವನು ಹಿಡಿದು ತಂದ ಮೀನನ್ನು ಸೆಪಿಸೊ ಒಂಬತ್ತು ವರ್ಷ ಸೆಶೇಕೆಯ ಮಾರುಕಟ್ಟೆಯಲ್ಲಿ ಮಾರಿದ್ದಳು. ಕಿವಿರು ಬಿಡಿಸಿ ನೋಡಿದರೆ ಸಾಕು, ಮೀನು ಸತ್ತು ಎಷ್ಟು ಹೊತ್ತಾಯಿತು ಎಂದು ಹೇಳುತ್ತಿದ್ದಳು. ಆದರೆ ಜೀವ ಇರುವ ಮೀನು ಇಷ್ಟು ದೊಡ್ಡ ಹೊಳೆಯಲ್ಲಿ ಎಲ್ಲಿ ನಿಂತಿರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಊರಿನ ಹೆಂಗಸರಲ್ಲಿ ಅದನ್ನು ಬಲ್ಲವಳು ನಮಕಾವು ಒಬ್ಬಳೇ. ಅವಳು ಲುತಂಗುವಿನ ಮೊದಲ ಹೆಂಡತಿ. ಇಬ್ಬರ ಗುಡಿಸಲುಗಳ ನಡುವೆ ಒಂದು ಮಾವಿನ ಮರ ಮಾತ್ರ ಇತ್ತು. ಮಾತು ನಿಂತು ವರ್ಷಗಳೇ ಆಗಿದ್ದವು.

ಜೋಳದ ಹಿಟ್ಟಿನ ಡಬ್ಬ ತಳ ಕಂಡ ದಿನ ಸೆಪಿಸೊ ಆ ಮರ ದಾಟಿದಳು. ನಮಕಾವು ಗಾಳದ ದಾರಕ್ಕೆ ಮೇಣ ತಿಕ್ಕುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ಅಕ್ಕ, ನಂಗೆ ನೀರು ನೋಡೋದು ಕಲಿಸು."

"ನೀರಾ? ದಿನಾ ನೋಡ್ತಾನೇ ಇದೀಯಲ್ಲ, ಅವನ ದೋಣಿ ಬಂತಾ ಅಂತ."

ಸೆಪಿಸೊ ಹಲ್ಲು ಕಚ್ಚಿ ನಿಂತಳು, ಹಿಂದಕ್ಕೆ ಹೋಗಲಿಲ್ಲ. ಕೊನೆಗೆ ನಮಕಾವು, ನಾಳೆ ಬೆಳಕು ಹರಿಯುವಾಗ ಬಾ, ಗಾಳ ತರಬೇಡ, ಅಂದಳು.

ಮೊದಲ ಮೂರು ದಿನ ಅವಳು ಸೆಪಿಸೊಳನ್ನು ಬಂಡೆಯೊಂದರ ಮೇಲೆ ಕೂರಿಸಿ ಸುಮ್ಮನೆ ನೋಡಿಸಿದಳು. ನೀರಿಳಿದ ಕಾಲ, ಹೊಳೆಯ ಮೈಯೆಲ್ಲ ಬಂಡೆ. ಓಡುವ ನೀರೂ ನಿಧಾನದ ನೀರೂ ಮೈ ಉಜ್ಜಿಕೊಂಡು ಹೋಗುವ ಗೆರೆ ಎಲ್ಲಿದೆ, ನೊರೆ ಯಾವ ದಾರಿಯಲ್ಲಿ ಸಾಲುಗಟ್ಟಿ ಬರುತ್ತದೆ, ಮರಳಿನ ದಿಬ್ಬ ಎಲ್ಲಿ ಕಡಿದುಬಿದ್ದು ನೀರಿನ ಬಣ್ಣ ಕಪ್ಪಾಗುತ್ತದೆ, ಇಷ್ಟನ್ನೇ ನೋಡಬೇಕು. ಸೆಪಿಸೊಳಿಗೆ ಮೈಯೆಲ್ಲ ಇರುವೆ ಹರಿದಂತಾಗುತ್ತಿತ್ತು. ಕೈ ಸುಮ್ಮನಿರದೆ ಜೊಂಡು ಕಿತ್ತು ಸೀಳುತ್ತಿದ್ದಳು. ಎಲ್ಲೋ ಮೋಟಾರಿನ ಸದ್ದು ಕೇಳಿದರೆ ಕತ್ತು ಆ ಕಡೆ ತಿರುಗುತ್ತಿತ್ತು. ಪ್ರತಿಸಲವೂ ನಮಕಾವು ಅವಳ ಗಲ್ಲ ಹಿಡಿದು ಮುಖವನ್ನು ನೀರಿನ ಕಡೆ ತಿರುಗಿಸುತ್ತಿದ್ದಳು, ಅದೂ ಮೆತ್ತಗೇನಲ್ಲ.

ನಾಲ್ಕನೇ ದಿನ ತನ್ನ ದೋಣಿ ಹತ್ತಿಸಿ, ಗಾಳ ಎಲ್ಲಿ ಬಿಡ್ತೀಯ ತೋರಿಸು ಅಂದಳು. ಸೆಪಿಸೊ ಬಿಸಿಲಿಗೆ ಫಳಫಳ ಹೊಳೆದು ಓಡುವ ನೀರನ್ನು ತೋರಿಸಿದಳು. ನಮಕಾವು ನಕ್ಕುಬಿಟ್ಟಳು.

"ಅಲ್ಲಿ ನಿಂತು ಈಜಿ ಸಾಯೋಕೆ ಮೀನಿಗೇನು ಹುಚ್ಚಾ? ಮೀನು ಸೋಮಾರಿ ಕಣೆ. ಮೈ ನೋಯಬಾರದು, ಊಟ ಮಾತ್ರ ಬಾಯಿ ಹತ್ರ ಬರಬೇಕು. ಥೇಟ್ ನಮ್ಮ ಗಂಡ."

ನಮ್ಮ ಗಂಡ ಎಂಬ ಮಾತನ್ನು ಅವಳ ಬಾಯಲ್ಲಿ ಸೆಪಿಸೊ ಕೇಳಿದ್ದು ಅದೇ ಮೊದಲು. ನಗು ಬಂತು, ನಗಲು ಧೈರ್ಯವಾಗಲಿಲ್ಲ.

ಹತ್ತು ದಿನ ಕಳೆದರೂ ಅವಳ ಗಾಳಕ್ಕೆ ಬೆರಳುದ್ದದ ಮರಿಗಳಷ್ಟೇ ಸಿಕ್ಕವು. ದಾರ ಬಿಟ್ಟು ಹತ್ತು ಉಸಿರು ಎಣಿಸುವಷ್ಟರಲ್ಲಿ ಎಳೆದು ನೋಡುವಳು, ಜಾಗ ಬದಲಿಸೋಣ ಎನ್ನುವಳು. ಪಕ್ಕದಲ್ಲೇ ನಮಕಾವು ಅಂಗೈಯಗಲದ ಮೀನುಗಳನ್ನು ಒಂದೊಂದಾಗಿ ಎತ್ತಿ ಹಾಕುತ್ತಿದ್ದಳು. ಸಂಜೆ ಅದರಲ್ಲಿ ಎರಡನ್ನು ಸೆಪಿಸೊಳ ಬುಟ್ಟಿಗೆ ಎಸೆಯುವಳು. ಸೆಪಿಸೊ ಆ ಎರಡು ಮೀನಿನ ಮೇಲೆ ಎಲೆ ಮುಚ್ಚಿ, ಯಾರ ಕಣ್ಣಿಗೂ ಬೀಳದ ಹಾಗೆ ಮನೆಗೆ ಹೋಗುವಳು.

ಹನ್ನೊಂದನೇ ದಿನ ದೊಡ್ಡ ಬಂಡೆಗಳಿಗಿಂತ ತುಸು ಮೇಲೆ, ನೀರು ಹರಿದು ಬರುವ ಕಡೆ, ದೋಣಿ ನಿಲ್ಲಿಸಿದ್ದಾಗ ಆಚೆ ದಡದಿಂದ ಮೋಟಾರೊಂದು ಕೆಮ್ಮುವ ಸದ್ದು ಬಂತು. ಲುತಂಗುವಿನ ಮೋಟಾರು ಹಾಗೇ ಕೆಮ್ಮುತ್ತಿತ್ತು. ಸೆಪಿಸೊ ತಾನೆಲ್ಲಿದ್ದೇನೆ ಎಂಬುದನ್ನೇ ಮರೆತು ಎದ್ದು ನಿಂತಳು. ದೋಣಿ ಒಂದು ಮಗ್ಗುಲಿಗೆ ವಾಲಿತು. ನಮಕಾವು ಮುಂದಕ್ಕೆ ಮುಗ್ಗರಿಸಿ ದೋಣಿಯ ಅಂಚಿಗೆ ಬಿದ್ದಳು, ಬಲಗೈ ಮಣಿಕಟ್ಟು ಮೈಯಡಿಗೆ ಸಿಕ್ಕಿತು. ಹುಟ್ಟು ನೀರಿಗೆ ಬಿದ್ದು ತೇಲಿಹೋಯಿತು. ದೋಣಿ ತಿರುಗಿ, ಬಂಡೆಗಳ ನಡುವಿನ ಸೆಳವಿಗೆ ಮೂತಿ ಕೊಟ್ಟಿತು.

"ಜಲ್ಲೆ ತಗೋ," ಅಂದಳು ನಮಕಾವು, ದೋಣಿ ತಳ್ಳುವ ಉದ್ದ ಕೋಲಿನ ಕಡೆ ಕಣ್ಣು ತೋರಿಸಿ. ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಎಲ್ಲಿಗೆ ಅಕ್ಕ? ಯಾವ ಕಡೆ?"

"ನೀನೇ ನೋಡು. ನಂಗೆ ಕಣ್ಣು ಕತ್ತಲೆ ಬರ್ತಿದೆ."

ಸೆಪಿಸೊ ನೋಡಿದಳು. ಎಡಕ್ಕೆ ನೀರು ಬೆನ್ನುಬ್ಬಿಸಿ ಬಿಳಿಯಾಗಿ ಒಡೆಯುತ್ತಿತ್ತು, ಅದರಡಿ ಬಂಡೆ ಇದೆ. ಬಲಕ್ಕೆ ಎಣ್ಣೆಯಂತೆ ನುಣುಪಾದ ನಾಲಗೆಯೊಂದು ಕೆಳಕ್ಕೆ ಚಾಚಿತ್ತು, ಅದು ಆಳ. ಆ ನಾಲಗೆಯ ತುದಿಯಲ್ಲಿ ಆನೆಯಂಥ ಬಂಡೆ, ಬಂಡೆಯ ಹಿಂದೆ ನೊರೆ ಮುಂದಕ್ಕೆ ಹೋಗದೆ ಸುಮ್ಮನೆ ಸುತ್ತು ಹಾಕುತ್ತಿತ್ತು. ಅಲ್ಲಿ ನೀರು ನಿಂತಿದೆ. ಅವಳು ಮಂಡಿಯೂರಿ ಜಲ್ಲೆ ಊರಿದಳು, ದೋಣಿಯನ್ನು ನುಣುಪು ನೀರಿಗೆ ತಳ್ಳಿದಳು. ಬಂಡೆ ಮೈಗೆ ತಾಗುವಷ್ಟು ಹತ್ತಿರ ಹಾದಾಗ ಮೈಯ ಬಲವನ್ನೆಲ್ಲ ಹಾಕಿ ಒತ್ತಿದಳು. ದೋಣಿ ಗೆರೆ ದಾಟಿ ಒಳಗೆ ಬಂದು, ಒಮ್ಮೆ ನಡುಗಿ, ನಿಂತಿತು.

 ಆ ಮೋಟಾರು ದೋಣಿ ದೂರದಲ್ಲಿ ಹಾದುಹೋಯಿತು. ಅದರಲ್ಲಿ ಯಾರೋ ಸಿಮೆಂಟು ಮೂಟೆ ಸಾಗಿಸುತ್ತಿದ್ದರು.

ಬೈಗುಳಕ್ಕೆ ಸೆಪಿಸೊ ತಲೆ ತಗ್ಗಿಸಿ ಕಾದಳು. ಬೈಗುಳ ಬರಲಿಲ್ಲ. ಸೆಪಿಸೊ ತನ್ನ ಬಟ್ಟೆಯ ಅಂಚು ಹರಿದು ನಮಕಾವುವಿನ ಮಣಿಕಟ್ಟಿಗೆ ಕಟ್ಟುತ್ತಿದ್ದಾಗ ನಮಕಾವು ಹೇಳಿದಳು:

"ನೀನು ಮನೆಗೆ ಬಂದ ವರ್ಷಾನೇ ನಾನು ಇದನ್ನ ಕಲಿತಿದ್ದು. ಆಗ ನಂಗೂ ಮನೇಲಿ ಕೂರೋಕೆ ಆಗ್ತಿರಲಿಲ್ಲ. ನಿನ್ನ ನಗು ಕೇಳಿಸ್ತಿತ್ತು ಅಲ್ಲಿಂದ. ಇಲ್ಲಿ ಬಂದು ನೀರು ನೋಡ್ತಾ ಕೂತ್ಕೋತಿದ್ದೆ."

"ಯಾರು ಕಲಿಸಿದ್ರು ಅಕ್ಕ?"

"ಯಾರು ಕಲಿಸ್ತಾರೆ? ಎಷ್ಟು ಅಂತ ಅಳೋದು? ಅಳು ಮುಗಿದ ಮೇಲೆ ಕಣ್ಣಿಗೆ ಏನಾದ್ರೂ ಕಾಣಲೇಬೇಕಲ್ಲ."

ಸೆಪಿಸೊ ಗಂಟನ್ನು ಬಿಚ್ಚಿ ಮತ್ತೆ ಸರಿಯಾಗಿ ಕಟ್ಟಿದಳು.

ವಾರದ ಮೇಲೆ ಸೆಶೇಕೆಯಿಂದ ಬಂದ ದೋಣಿಯವನೊಬ್ಬ ಸುದ್ದಿ ತಂದ. ಲುತಂಗು ಕಟೀಮಾದಲ್ಲಿ ಹೆಂಗಸೊಬ್ಬಳ ಜೊತೆ ಇದ್ದಾನೆ, ಬಲೆ ಮಾರಿದ್ದಾನೆ, ಮೈ ತುಂಬಿಕೊಂಡಿದ್ದಾನೆ. ಸೆಪಿಸೊ ಕೇಳಿಸಿಕೊಂಡು ಅಂಗಳ ಗುಡಿಸಿದಳು, ಮೂರು ಸಲ ಗುಡಿಸಿದಳು. ಮಾರನೆಯ ದಿನ ನಮಕಾವು ಏಳುವ ಮೊದಲೇ ದೋಣಿಯ ಬಳಿ ಕಾದಿದ್ದಳು.

ಅವತ್ತು ಜಾಗವನ್ನು ಅವಳೇ ಆರಿಸಿದಳು: ಬಿದ್ದ ಮರವೊಂದರ ಕೆಳಗಿನ ಮಬ್ಬು ನೀರು. ಅಲ್ಲಿ ಬರೀ ಕೆಸರು, ಅಂದಳು ನಮಕಾವು. ಸೆಪಿಸೊ ವಾದಿಸಲಿಲ್ಲ. ನೊರೆಯ ಸಾಲು ಆ ಮರದ ಕೊಂಬೆಗಳ ಪಕ್ಕದಲ್ಲೇ ಹಾದುಹೋಗುವುದನ್ನು ಅವಳು ಹಿಂದಿನ ಸಂಜೆ ಬಂದು ನೋಡಿಕೊಂಡಿದ್ದಳು. ಎರೆಹುಳು ಸಿಕ್ಕಿಸಿ ದಾರ ಬಿಟ್ಟಳು. ಎಳೆದು ನೋಡಲು ಬೆರಳು ತುಡಿಯುತ್ತಿತ್ತು, ಎಳೆಯಲಿಲ್ಲ. ಬಿಸಿಲು ಮರದ ಬುಡಕ್ಕೆ ಬರುವ ಹೊತ್ತಿಗೆ ದಾರ ಒಮ್ಮೆ ಅಲುಗಿ, ಆಮೇಲೆ ಓಡಿತು. ಮೊಣಕೈಯುದ್ದದ ಮೀನು. ಅದರ ಹಿಂದೆಯೇ ಇನ್ನೊಂದು.

ನಮಕಾವು ಹೊಗಳಲಿಲ್ಲ. ಬುಟ್ಟಿಯ ಕಡೆ ಒಮ್ಮೆ ನೋಡಿ, ಎದ್ದು, ದೋಣಿಯ ಹಿಂತುದಿಗೆ ಸರಿದು ಕೂತು ಎಡಗೈಯಲ್ಲಿ ಹೊಸ ಹುಟ್ಟು ಹಿಡಿದಳು.

"ಹೇಳು, ಮುಂದೆ ಎಲ್ಲಿಗೆ?"

ಸೆಪಿಸೊ ಆಗಲೇ ನೀರನ್ನು ಹುಡುಕುತ್ತಿದ್ದಳು.