ಲಿಂಬೆ ಬುಡಕ್ಕೆ ಮೀನುನೀರು

ಅರಬ್ಬರ ಊರಾದ ಈ ಸಲಾಲಾದಲ್ಲಿ ಖರೀಫ್ ಎಂಬ ಮಳೆಗಾಲ ಹಿಡಿಯಿತೆಂದರೆ ಅದು ಜೋರಾಗಿ ಸುರಿಯುವುದೂ ಇಲ್ಲ, ಬಿಡುವುದೂ ಇಲ್ಲ. ಅಂಥ ದಿನಗಳಲ್ಲೇ ನಮ್ಮ ಹಿತ್ತಲಿನ ಲಿಂಬೆ ಮರ ಕಾಯಿಲೆ ಬಿದ್ದಿತು. ಎಲೆ ಹಳದಿಯಾಯಿತು, ಬುಡದ ತೊಗಟೆ ಒಡೆದು ಅಂಟು ಸೋರತೊಡಗಿತು.

ಹಿತ್ತಲು ನಮ್ಮ ಬಾಡಿಗೆ ಮನೆಯ ಒಡತಿ ನುಸೈಬಾ ಅವರದು. ಅವರು ಪಕ್ಕದ ಮನೆಯಲ್ಲೇ ಇದ್ದಾರೆ. ಸಂಜೆ ಆ ಮರದಡಿ ಚಾಪೆ ಹಾಸಿ ಅವರು ಕಹ್ವಾ ಕಾಫಿ ಬಗ್ಗಿಸಿ ಕೊಡುತ್ತಾರೆ, ನಾನು ನೀರುದೋಸೆ ಒಯ್ಯುತ್ತೇನೆ. ಅವರ ಮುರುಕು ಹಿಂದಿ, ನನ್ನ ಮುರುಕು ಅರಬ್ಬಿ ಸೇರಿಸಿ ಊರವರನ್ನೆಲ್ಲ ಆಡಿಕೊಳ್ಳುತ್ತೇವೆ. ಈ ಊರಿನಲ್ಲಿ ನನಗಿರುವ ಒಬ್ಬಳೇ ಗೆಳತಿ ಅವರು. ಅವರ ಮಗ ಸಾಲಿಂಗೆ ಮಾತ್ರ ಆ ಜಾಗದ ಮೇಲೆ ಕಣ್ಣು. "ಮರ ಹೇಗೂ ಸಾಯುತ್ತದೆ, ಖಲಾಸ್. ಮಳೆ ಮುಗಿದ ಮೇಲೆ ಕಡಿದು ಗಾಡಿಗೆ ಶೆಡ್ ಹಾಕಿಸುತ್ತೇನೆ," ಎಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಗಾಡಿಯ ಪಕ್ಕ ಕೂತು ಯಾರು ಕಹ್ವಾ ಕುಡಿಯುತ್ತಾರೆ?

ನನ್ನ ಗಂಡ ಫ್ರೆಡ್ಡಿ ಬಂದರಿನ ಆಫೀಸಿನಲ್ಲಿ ಕೆಲಸ ಮಾಡುವವನು, ಆದರೆ ಊರಲ್ಲಿ ಶಂಕರಪುರದ ಮಲ್ಲಿಗೆ ಬೆಳೆಗಾರರ ಮಗ. ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣು ಮೂಸಿ ನೋಡಿದ.

"ಬೀಟ್ರಿಸ್, ಇಲ್ಲಿ ಮೀನು ತೊಳೆದ ನೀರು ಹೊಯ್ಯುವುದು ಯಾರು?"

"ಯಾರೆಂದರೆ? ನಾನೇ. ಊರಲ್ಲಿ ಎಲ್ಲರೂ ಹೊಯ್ಯುವುದಿಲ್ವಾ?"

"ಊರಿನ ಮುರಕಲ್ಲಿನ ಮಣ್ಣಲ್ಲಿ ನೀರು ನಿಲ್ಲುವುದಿಲ್ಲ ಮಾರಾಯ್ತಿ. ಇಲ್ಲಿ ಮಳೆಯೂ ಬುಡಕ್ಕೆ, ನಿನ್ನ ಬೂತಾಯಿ ಮೀನಿನ ನೀರೂ ಬುಡಕ್ಕೆ. ತೊಗಟೆ ಒಣಗುವುದು ಯಾವಾಗ? ಬೂಷ್ಟು ಹಿಡಿಯದೆ ಇನ್ನೆಂತ?"

ಬುಡಕ್ಕೆ ಒಟ್ಟಿದ್ದ ಮಣ್ಣನ್ನೂ ತೆಂಗಿನ ಸಿಪ್ಪೆಯನ್ನೂ ದೂರ ಎಳೆದು ಗಾಳಿಯಾಡುವ ಹಾಗೆ ಮಾಡಿದ. ಕೊಳೆತ ತೊಗಟೆಯನ್ನು ಚೂರಿಯಿಂದ ಕೆತ್ತಿ ತೆಗೆದ. ಮೈಲುತುತ್ತನ್ನೂ ಸುಣ್ಣವನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಆಮೇಲೆ ಬೆರೆಸಿ, ಆ ಬೋರ್ಡೋ ಮುಲಾಮನ್ನು ಬುಡದ ಸುತ್ತ ಬಳಿದ. ಮರ ನೀಲಿ ಕಾಲುಚೀಲ ಹಾಕಿಕೊಂಡು ನಿಂತಂತಿತ್ತು. ಇನ್ನು ಮೀನುನೀರು ಗೇಟಿನ ಪಕ್ಕದ ತೆಂಗಿಗೆ ಎಂದು ಕಟ್ಟಪ್ಪಣೆಯಾಯಿತು.

ನಾಲ್ಕು ದಿನ ಕಳೆದಿರಲಿಲ್ಲ, ಬುಡ ಮತ್ತೆ ಒದ್ದೆ. ಮುಲಾಮಿನ ಮೇಲೆ ಮೀನಿನ ಹುರುಪೆ! ಫ್ರೆಡ್ಡಿ ನನ್ನನ್ನು ನೋಡಿದ ನೋಟವೇ ಸಾಕಿತ್ತು.

"ಇಗರ್ಜಿಯ ಸಾಯ್ಬಿಣ್ ಮಾತೆಯಾಣೆ, ನಾನಲ್ಲ!" ಎಂದೆ.

ಮರುದಿನ ಅಡುಗೆಮನೆಯ ಕಿಟಕಿಯಲ್ಲಿ ಕಾದು ನಿಂತೆ. ಬಕೆಟ್ ಹಿಡಿದು ಬಂದವರು ನುಸೈಬಾ. ಬಿಸ್ಮಿಲ್ಲಾ ಹೇಳಿ, ಮಗುವಿಗೆ ಸ್ನಾನ ಮಾಡಿಸುವಷ್ಟು ಅಕ್ಕರೆಯಿಂದ ಬುಡಕ್ಕೇ ಸುರಿದರು. ಹೋದ ವರ್ಷ ಹಾಗೆ ಸುರಿದರೆ ಕಾಯಿ ಹೆಚ್ಚು ಬಿಡುತ್ತದೆಂದು ಅವರಿಗೆ ಪಾಠ ಮಾಡಿದವಳು ನಾನೇ. ಹೋಗಿ ಹೇಳಲು ನಾಚಿಕೆ. ಆದರೆ ಹೇಳದಿದ್ದರೆ ಮರವೇ ಉಳಿಯುವುದಿಲ್ಲ. ಹಿತ್ತಲಿಗೆ ಇಳಿದೆ.

"ಅಕ್ಕ, ಅದಕ್ಕೆ ನೀರು ಹೆಚ್ಚಾಗಿಯೇ ಕಾಯಿಲೆ. ತಪ್ಪು ಕಲಿಸಿದ್ದು ನಾನು," ಎಂದೆ.

ಅವರ ಮುಖ ಸಣ್ಣದಾಯಿತು. "ಹಾಗಾದರೆ ನಾನೇ ಕೊಲ್ಲುತ್ತಿದ್ದೆನಾ?"

"ಇಬ್ಬರೂ ಸೇರಿ. ನಾನು ಬೆಳಿಗ್ಗೆಯೂ ಹೊಯ್ಯುತ್ತಿದ್ದೆ, ಸಂಜೆಯೂ."

ಅವರು ನನ್ನನ್ನು ದಿಟ್ಟಿಸಿ ನೋಡಿದರು, ಆಮೇಲೆ ತಲೆವಸ್ತ್ರ ಜಾರುವಷ್ಟು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಆ ಸಂಜೆ ಫ್ರೆಡ್ಡಿ ಇನ್ನೊಮ್ಮೆ ಮುಲಾಮು ಬಳಿದ, ನುಸೈಬಾ ಬಕೆಟ್ ಹಿಡಿದು ನಿಂತು ಎಲ್ಲೆಲ್ಲಿ ಬಿಟ್ಟುಹೋಗಿದೆಯೆಂದು ತೋರಿಸಿದರು.

ಮಳೆ ನಿಂತಿತು. ಅಂಟು ಸೋರುವುದೂ ನಿಂತು, ಕೊಂಬೆಯಲ್ಲಿ ಎಳೆಚಿಗುರು ಕಂಡಿತು. ಅಷ್ಟರಲ್ಲಿ ಸಾಲಿಂ ಗರಗಸ ಹಿಡಿದು ಬಂದ.

"ನಾಲ್ಕು ಎಲೆಗೋಸ್ಕರ ನನ್ನ ಹೊಸ ಗಾಡಿ ಬಿಸಿಲಲ್ಲಿ ನಿಲ್ಲಬೇಕಾ?" ಎಂದ.

ನುಸೈಬಾ ಚಾಪೆ ಬಿಡಿಸಿ ಹಾಸಿದರು, ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನಿಲ್ಲಲಿ. ನಿನ್ನ ಗಾಡಿಗೆ ಎ.ಸಿ. ಇದೆ. ನನಗೆ ಇವಳಿದ್ದಾಳೆ, ಇವಳನ್ನು ಎಲ್ಲಿ ಕೂರಿಸಲಿ?"