ಬಚ್ಚಲಿನ ಕಿಂಡಿ

ಬಚ್ಚಲಿನ ಗೋಡೆಯ ತೇವ ನಿಲ್ಲಿಸಿದವಳು ನಾನೇ. ಮಳೆಯ ಎರಚಲು ನುಗ್ಗುತ್ತಿದ್ದ ಮೇಲಿನ ಕಿಂಡಿಗೆ ಪ್ಲಾಸ್ಟಿಕ್ ಹಲಗೆ ಕೂರಿಸಿ, ಅಂಚಿಗೆಲ್ಲ ಅಂಟು ಬಳಿದಿದ್ದೆ. ನೀರು ಕುಡಿದು ಉಬ್ಬಿದ್ದ ಬಾಗಿಲನ್ನು ಕೀಸಿ ಹೊಸ ಚಿಲಕವನ್ನೂ ಜಡಿದಿದ್ದೆ. ಸಂಜೆ ತರಗತಿಗೆ ಹೋಗಿ ಮನೆ ರಿಪೇರಿ ಕಲಿತ ಮೇಲೆ ಅಕ್ಕ ನನ್ನನ್ನು ಇಂಜಿನಿಯರಮ್ಮ ಎಂದೇ ಕರೆಯುವುದು.

“ಇಂಜಿನಿಯರಮ್ಮ, ಇವತ್ತು ತಲೆಗೆ ಸ್ನಾನ. ಅರ್ಧ ಗಂಟೆ ನನ್ನ ತಂಟೆಗೆ ಬರಬೇಡ,” ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗಿದ್ದ ಗ್ಯಾಸ್ ಗೀಸರ್ ಬುಸ್ಸೆಂದು ಹೊತ್ತಿಕೊಂಡಿತು. ಅಕ್ಕ ಏನೋ ಗುನುಗತೊಡಗಿದಳು.

ನಾನು ಅಡುಗೆಮನೆಯಲ್ಲಿ ಕೂತು ತರಗತಿಯ ನೋಟ್‌ಬುಕ್ ತಿರುವಿದೆ. ಕೆಲಸ ಮುಗಿದ ಮೇಲೂ ಅದರಲ್ಲಿ ತಪ್ಪು ಹುಡುಕುವುದು ನನ್ನ ಚಾಳಿ. ಒಂದು ಪುಟದಲ್ಲಿ ನನ್ನದೇ ಅಕ್ಷರ, ಕೆಳಗೆ ಎರಡು ಗೆರೆ ಎಳೆದಿದ್ದೆ: ಗ್ಯಾಸ್ ಗೀಸರ್ ಇರುವ ಕೋಣೆಯ ಕಿಂಡಿ ಮುಚ್ಚಲೇಬಾರದು. ಉರಿಯಿಂದ ಹುಟ್ಟುವ ವಿಷಾನಿಲಕ್ಕೆ ವಾಸನೆ ಇಲ್ಲ.

ಗುನುಗು ಕೇಳಿಸುತ್ತಿತ್ತಲ್ಲ. ಯಾವಾಗ ನಿಂತಿತು?

“ಅಕ್ಕಾ?”

ನೀರಿನ ಸದ್ದು ಮಾತ್ರ.

“ಅಕ್ಕಾ, ಒಂದೇ ಒಂದು ಮಾತಾಡೇ.”

ಬೇಕೆಂದೇ ಸುಮ್ಮನಿದ್ದು ಆಟ ಆಡಿಸುವವಳು ಅವಳು. ಬಾಗಿಲು ಮುರಿದು ನುಗ್ಗಿದರೆ ವರ್ಷವಿಡೀ ಆಡಿಕೊಂಡು ನಗುತ್ತಾಳೆ. ನಗಲಿ, ನಕ್ಕರೆ ಸಾಕು. ಮನೆಯ ಹಿಂದಕ್ಕೆ ಓಡಿ ಗೀಸರಿನ ಸಿಲಿಂಡರ್ ಬಂದ್ ಮಾಡಿದೆ.

ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ಉದ್ದ ಸ್ಕ್ರೂ ಸಿಗದೆ ಚಿಲಕಕ್ಕೆ ಗಿಡ್ಡ ಸ್ಕ್ರೂ ಹಾಕಿದ್ದೆ. ಆ ನಾಚಿಕೆ ವಾರದಿಂದ ಒಳಗೇ ಕೊರೆಯುತ್ತಿತ್ತು. ಈಗ ಭುಜ ಕೊಟ್ಟು ಗುದ್ದಿದೆ. ಎರಡನೇ ಗುದ್ದಿಗೆ ಚಿಲಕ ಕಿತ್ತು ಬಂತು.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ತಲೆಯ ತುಂಬ ನೊರೆ, ಕಣ್ಣು ಅರೆತೆರೆದಿತ್ತು. ಕಂಕುಳಿಗೆ ಕೈ ಹಾಕಿ ಅಂಗಳಕ್ಕೆ ಎಳೆದು ಟವೆಲ್ ಹೊದಿಸಿದೆ. ನನ್ನ ಕೂಗು ಕೇಳಿ ಎದುರುಮನೆಯ ನರ್ಸಮ್ಮ ಬಂದು ಆಂಬುಲೆನ್ಸಿಗೆ ಫೋನ್ ಮಾಡಿದರು. ಅಷ್ಟರಲ್ಲಿ ಅಕ್ಕ ಕೆಮ್ಮಿದಳು, ವಾಂತಿ ಮಾಡಿಕೊಂಡಳು.

“ನನ್ನ ಮಾನ ಕಳೆದೆಯಲ್ಲೇ,” ಎಂದಳು, ತೊದಲುತ್ತ.

ಅಂಟನ್ನು ಅವತ್ತೇ ಕೆರೆದು ತೆಗೆದೆ. ಗೀಸರ್ ಈಗ ಹೊರಗೋಡೆಯಲ್ಲಿದೆ. ಬಚ್ಚಲು ಮತ್ತೆ ತೇವ. ಚಿಲಕ ಮತ್ತೆ ಜಡಿ ಎಂದು ಅಕ್ಕ ದಿನಾ ಹೇಳುತ್ತಾಳೆ. ನಾನಿನ್ನೂ ಸ್ಕ್ರೂ ತಂದಿಲ್ಲ. ಅವಳು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ.

“ಗುನುಗೇ,” ಅನ್ನುತ್ತೇನೆ.

“ಬಾಯಿಗೆ ಸೋಪು ಹೋಗುತ್ತೆ ಕಣೇ,” ಎಂದು ಬೈಯುತ್ತಲೇ ಗುನುಗುತ್ತಾಳೆ. ಉಸಿರು ತೆಗೆದುಕೊಳ್ಳಲು ಅವಳು ನಿಲ್ಲಿಸಿದಾಗೆಲ್ಲ ನನ್ನ ಉಸಿರೂ ನಿಲ್ಲುತ್ತದೆ.