ನೀರಿನ ಪೈಪು

ಗಾಡಿ ಸೋರುತ್ತದೆ ಅಂದ ಕೂಡಲೇ ಪಂಪು ಬದಲಿಸಿ ಎನ್ನುವ ಮೆಕ್ಯಾನಿಕ್ಕುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಪ್ಪತ್ಮೂರರ ಬೇಸಿಗೆಯಲ್ಲಿ ಫೋರ್ಟ್ ಪೇಟೆಯ ಯಾರೋ ಒಬ್ಬ ಶಾಣ್ಯಾ ಸದಾನಂದನಿಗೂ ಹಾಗೇ ಹೇಳಿ ಕಳಿಸಿದ್ದ. ಸದಾನಂದ ಉಡುಪಿ ಕಡೆಯವನು, ಒಬ್ಬ ಸೇಟಿನ ಡ್ರೈವರ್. ಗಾಡಿ ಅಮೆರಿಕದ್ದು, ಅರ್ಧ ಚಾಳಿನಷ್ಟು ಉದ್ದ. ಅದರ ಸ್ಟೀರಿಂಗನ್ನು ಒಂದೇ ಬೆರಳಿನಿಂದ ತಿರುಗಿಸಬಹುದಿತ್ತು. ಉಳಿದ ಕೆಲಸ ಎಣ್ಣೆಯ ಒತ್ತಡದ್ದು. ಆ ಕೆಂಪು ಎಣ್ಣೆಯೇ ಈಗ ತೊಟ್ಟಿಕ್ಕುತ್ತಿತ್ತು. ಸೇಟು ಭಾನುವಾರಗಳಂದು ದಹಿಸರಿನಲ್ಲಿದ್ದ ಗೆಳೆಯನ ಬಂಗಲೆಗೆ ಇಸ್ಪೀಟಾಡಲು ಬರುತ್ತಿದ್ದ. ಅವನನ್ನು ಅಲ್ಲಿಳಿಸಿ ಸದಾನಂದ ಸುಂಕದ ನಾಕಾದ ಪಕ್ಕದ ನನ್ನ ಶೆಡ್ಡಿಗೆ ಬಂದ.

ಎಣ್ಣೆ ಬಿದ್ದ ಜಾಗದಲ್ಲೇ ತೂತು ಹುಡುಕುವವನು ಮೂರ್ಖ. ಓಡುವ ಗಾಡಿಯ ಗಾಳಿ ಎಣ್ಣೆಯನ್ನು ಎಲ್ಲಿಂದ ಎಲ್ಲಿಗೋ ತಳ್ಳಿರುತ್ತದೆ. ನಾನು ಮುಂಭಾಗವನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಒಣಗಿಸಿ, ಹಿಟ್ಟಿನ ಡಬ್ಬಿಯಿಂದ ಒಂದು ಹಿಡಿ ಜೋಳದ ಹಿಟ್ಟು ತಂದು ಕೊಳವೆಗಳ ಮೇಲೆ ಉದುರಿಸಿದೆ. ಅಮೆರಿಕದ ಗಾಡಿ ನಿಮ್ಮ ರೊಟ್ಟಿ ತಿನ್ನುತ್ತದಾ ಎಂದು ಸದಾನಂದ ನಕ್ಕ. ಎಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಎರಡೂ ಕಡೆ ಕೊನೆತನಕ ತಿರುಗಿಸಲು ಹೇಳಿದೆ. ಸ್ವಲ್ಪ ಹೊತ್ತಿಗೆ ಹಿಟ್ಟಿನ ಮೇಲೆ ಎಳ್ಳಿನಷ್ಟು ಜಾಗ ಒದ್ದೆಯಾಯಿತು. ಪಂಪೂ ಅಲ್ಲ, ಮಣ್ಣೂ ಅಲ್ಲ. ರೇಡಿಯೇಟರಿನ ಮುಂದೆ ಎಣ್ಣೆಯನ್ನು ತಣ್ಣಗೆ ಮಾಡುವ ಸುತ್ತು ಕೊಳವೆಯೊಂದಿರುತ್ತದೆ, ಅದೇ ಕೂಲರ್. ಅದನ್ನು ಹಿಡಿದಿದ್ದ ಪಟ್ಟಿ ಸಡಿಲಾಗಿ, ತಿಕ್ಕಿ ತಿಕ್ಕಿ ತೂತು ಬಿದ್ದಿತ್ತು.

ಅದಕ್ಕೆ ಹಿತ್ತಾಳೆ ಬೆಸುಗೆಯೇ ಮದ್ದು. ಆದರೆ ಪಕ್ಕದ ವೆಲ್ಡಿಂಗ್ ಅಂಗಡಿಗೆ ಭಾನುವಾರ ಬೀಗ. ತೂತಿನ ತುಂಡನ್ನು ಕತ್ತರಿಸಿ, ಆ ಜಾಗಕ್ಕೆ ಶೆಡ್ಡಿನಲ್ಲಿದ್ದ ನೀರಿನ ರಬ್ಬರ್ ಪೈಪು ಹಾಕಿ ಕ್ಲಿಪ್ ಬಿಗಿದೆ. ನೀರಿನ ಪೈಪು ಬಿಸಿ ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಹದಿನೈದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ ಎಂದು ಅವನಿಗೆ ಹೇಳಿದೆ. ಎರಡು ವಾರ ಬಿಟ್ಟು ಬಂದರೆ ಬೆಸುಗೆ ಹಾಕಿಕೊಡುವೆನೆಂದೂ ಹೇಳಿದೆ. ಆಮೇಲೆ ಇಬ್ಬರೂ ರೊಟ್ಟಿ ತಿಂದೆವು. ಸೇಟು ಆಟದಿಂದ ಏಳುವ ಹೊತ್ತಾಗುವ ತನಕ ಅವನು ಮಾತಾಡುತ್ತಲೇ ಇದ್ದ.

ಅಷ್ಟು ಮಾತು ನನ್ನ ಶೆಡ್ಡಿನಲ್ಲಿ ಕೇಳಿ ಮೂರು ವರ್ಷವಾಗಿತ್ತು. ಹೆಂಡತಿ ಸುಂದ್ರವ್ವ ತೀರಿಕೊಂಡ ಮೇಲೆ ದಹಿಸರಿನಲ್ಲಿ ನನಗೆ ಕನ್ನಡದಲ್ಲಿ ಬೈಯಲಿಕ್ಕೂ ಒಬ್ಬರಿರಲಿಲ್ಲ. ಗಿರಾಕಿಗಳ ಜೊತೆ ಹಿಂದಿ, ಅಂಗಡಿಯಲ್ಲಿ ಮರಾಠಿ, ಮನೆಗೆ ಬಂದರೆ ಬಾಯಿಗೆ ಕೆಲಸವೇ ಇಲ್ಲ. ಎರಡು ವಾರ ನಾನು ಕ್ಯಾಲೆಂಡರ್ ನೋಡುತ್ತಾ ಕೂತೆ, ಸುಳ್ಳು ಯಾಕೆ ಹೇಳಲಿ.

ಹೇಳಿದಂತೆ ಸದಾನಂದ ಬಂದ. ಈ ಸಲ ವೆಲ್ಡಿಂಗ್ ಅಂಗಡಿಯ ಕೀಲಿ ಇಸಿದುಕೊಂಡು ಇಟ್ಟಿದ್ದೆ. ಅವನ ಮುಖ ಮಾತ್ರ ಸಪ್ಪಗಿತ್ತು. ತನ್ನ ಬಿಲ್ಡಿಂಗಿನ ಅಂಗಳದಲ್ಲಿ ಇನ್ನೊಂದು ತೊಟ್ಟು ಎಣ್ಣೆ ಬಿದ್ದರೆ ಕೆಲಸ ಬಿಟ್ಟು ನಡೆ ಎಂದು ಸೇಟು ಹೇಳಿದ್ದನಂತೆ. ಮಾಟುಂಗದ ಹೊಟೇಲಿನಲ್ಲಿ ಎಂಟು ವರ್ಷ ಕಪ್ಪು ತೊಳೆದು, ರಾತ್ರಿ ಟ್ಯಾಕ್ಸಿಯವರ ಕೈಕಾಲು ಹಿಡಿದು ಡ್ರೈವಿಂಗ್ ಕಲಿತವನು ಅವನು. ಮತ್ತೆ ಆ ಎಂಜಲು ಬಳಿಯುವ ಕೆಲಸ ತನ್ನಿಂದಾಗದು ಎಂದ. ಬೆಸುಗೆ ಹಾಕಿದರೆ ಗಾಡಿ ಇನ್ನು ಹತ್ತು ವರ್ಷ ನನ್ನ ಶೆಡ್ಡಿನ ಕಡೆ ಮುಖ ಹಾಕುವುದಿಲ್ಲವೆಂದು ನನಗೆ ಗೊತ್ತಿತ್ತು. ಹೊಸ ಪೈಪು ಹದಿನೈದು ದಿನವಂತೂ ತಾಳುತ್ತದೆ, ಇನ್ನೊಂದು ಭಾನುವಾರ ಸಿಗಲಿ, ಆಗ ಖಂಡಿತ ಬೆಸುಗೆ ಎಂದುಕೊಂಡೆ. ಬೆಸುಗೆಯ ಗ್ಯಾಸ್ ಖಾಲಿಯಾಗಿದೆ, ಎರಡು ವಾರ ಬಿಟ್ಟು ಬಾ ಎಂದು ಅವನಿಗೆ ಹೇಳಿ ಮತ್ತೆ ನೀರಿನ ಪೈಪನ್ನೇ ಹಾಕಿದೆ.

ಎರಡು ವಾರ ಕಳೆದು ಬಂದ ಭಾನುವಾರ ಅವನು ಬರಲಿಲ್ಲ. ಅದರಾಚೆಯದಕ್ಕೂ ಇಲ್ಲ. ಸೋಮವಾರ ಶೆಡ್ ಮುಚ್ಚಿ, ಲೋಕಲ್ ಹಿಡಿದು ಫೋರ್ಟಿಗೆ ಹೋದೆ. ಗಾಡಿ ಸೇಟಿನ ಆಫೀಸಿನ ಮುಂದೆ ನಿಂತಿತ್ತು, ಪಕ್ಕದಲ್ಲಿ ಬೇರೆ ಡ್ರೈವರ್. ಬಿಸಿಲು ಜಾಸ್ತಿಯಾಗಿ ಹನ್ನೊಂದನೇ ದಿನವೇ ಪೈಪು ಒಡೆಯಿತಂತೆ. ಸೇಟು ನಡುರಸ್ತೆಯಲ್ಲೇ ಸದಾನಂದನ ಕೈಯಿಂದ ಕೀಲಿ ಕಸಿದುಕೊಂಡನಂತೆ. ಈಗ ಅವನು ಮಾಟುಂಗದಲ್ಲಿ ಎಲ್ಲೋ ಇದ್ದಾನೆ ಎಂದ ಆ ಡ್ರೈವರ್.

ನಾಲ್ಕನೇ ಹೊಟೇಲಿನಲ್ಲಿ ಸಿಕ್ಕ. ಟೇಬಲ್ ಒರೆಸುತ್ತಿದ್ದ. ನನ್ನನ್ನು ಕಂಡು ಮುಖ ಅರಳಿಸಿ, ಕೇಳದೆಯೇ ಕಾಫಿ ತಂದಿಟ್ಟ. ನೀವು ನಿಮ್ಮ ಕೈಲಾದ್ದು ಮಾಡಿದಿರಿ, ನನ್ನ ಹಣೆಬರಹವೇ ಸರಿಯಿಲ್ಲ ಎಂದ. ನಾನು ಲೋಟವನ್ನು ಪಕ್ಕಕ್ಕೆ ಸರಿಸಿದೆ.

“ಎರಡನೇ ಸಲ ಗ್ಯಾಸ್ ಇತ್ತು, ಸದಾನಂದ. ಕೀಲಿ ನನ್ನ ಕಿಸೆದಾಗೇ ಇತ್ತು. ನೀ ಮತ್ತ ಬರ್ಲಿ ಅಂತ ಬೇಕಂತಲೇ ಆ ಪೈಪ್ ಹಾಕಿದೆ.”

ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವನು ಒದ್ದೆ ಬಟ್ಟೆಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡ.

“ಕರೆದಿದ್ರೆ ಸುಮ್ನೆ ಬರ್ತಿದ್ದೆ ಮಾರಾಯ್ರೆ,” ಎಂದ. “ಸೇಟು ಆಡಿ ಮುಗಿಸುವ ತನಕ ಆ ಬಂಗಲೆ ಗೇಟಿನ ಹತ್ರ ನನಗಾದ್ರೂ ಮಾತಾಡ್ಲಿಕ್ಕೆ ಯಾರಿದ್ರು?”

ಒಳಗಿನಿಂದ ಯಾರೋ ಅವನನ್ನು ಕೂಗಿದರು. ಅವನು ಪಕ್ಕದ ಟೇಬಲ್ಲಿನ ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದ.